ಬೀಳಾಕ ಬರಬೇಕು

ಗದಗದಿಂದ ಲಕ್ಷ್ಮೇಶ್ವರಕ್ಕೆ ಹೊರಟ ಬಸ್ಸು. ಮುಳಗುಂದ ನಾಕಾ ದಾಟುವುದರೊಳಗೆ ಕಂಡಕ್ಟರ್ ಬಂದು, ಕಾಕಾನಿಂದ ರೊಕ್ಕ ಎಣಿಸಿಕೊಂಡು, ಪಕ್ಕದಲ್ಲಿದ್ದ ಅಣ್ಣನ ಮಗಳಿಗೆ ಸೊನ್ನೆ ರೂಪಾಯಿ ಟಿಕೆಟ್ ಹರಿದುಕೊಟ್ಟ. ಕಾಕಾನಿಗೆ ಎಪ್ಪತ್ತು ಹತ್ತಿರ. ಎರಡೂ ಕಿವಿ ಮುರಿದು ಕರ್ಚಿಕಾಯಿಯ ಅಂಚಿನ ಹಾಗೆ ಮಡಚಿಕೊಂಡಿವೆ. ಗರಡಿಯಲ್ಲಿ ಸಾಮು ಮಾಡಿದವರೆಂದು ಬೇರೆ ಯಾರೂ ಹೇಳಬೇಕಿಲ್ಲ. ಮಗಳಿಗೆ ಮೂವತ್ತೈದು, ಬೆಟಗೇರಿಯ ಸಾಲಿಯೊಂದರಲ್ಲಿ ಟೀಚರು. ಲಕ್ಷ್ಮೇಶ್ವರದ ಆಚೆ ಒಂದು ಊರಿನ ಜಾತ್ರೆಗೆ ಜಂಗೀ ನಿಕಾಲಿ ಕುಸ್ತಿ ಇಟ್ಟಿದ್ದಾರೆ, ನೋಡಲು ಹೊರಟಿದ್ದಾರೆ. ಅವಳ ಮೊಬೈಲಿನಲ್ಲಿ ಮಾತ್ರ ಬೇರೆ ಕುಸ್ತಿ ನಡೆದಿದೆ.

ಕಾಕಾ: ಅಲ್ಲವಾ, ಖರೇ ಕುಸ್ತಿ ನೋಡಾಕ ಹೊಂಟೀವಿ, ದಾರ್ಯಾಗ ಸುಳ್ಳ ಕುಸ್ತಿ ನೋಡಕೋತ ಕುಂತಿ. ಮದವಿ ಊಟಕ್ಕ ಹೊಂಟಾವ್ರು ಖಾನಾವಳ್ಯಾಗ ಹೊಕ್ಕಂಗಾತು.

ಮಗಳು: ಸುಳ್ಳ ಅನ್ನಬ್ಯಾಡ್ರಿ ಕಾಕಾ. ಮೊದಲಽ ನಿಕ್ಕಿ ಮಾಡಿದ್ದು ಅನ್ರಿ, ಒಪ್ಪತೀನಿ. ಸುಳ್ಳ ಬ್ಯಾರೆ, ನಿಕ್ಕಿ ಬ್ಯಾರೆ.

ಕಾಕಾ: ಯಾರ ಗೆಲ್ಲತಾನ ಅನ್ನೂದು ಮೊದಲಽ ಗೊತ್ತಿದ್ದ ಮ್ಯಾಲ ಅದೆಂಥಾ ಕುಸ್ತಿ?

ಮಗಳು: ಭೀಮ ಜರಾಸಂಧನ್ನ ಸೀಳ್ತಾನ ಅನ್ನೂದು ಗದಗಿನ ಮಂದಿಗೆಲ್ಲಾ ಗೊತ್ತೈತಿ. ಕುಮಾರವ್ಯಾಸ ನಮ್ಮ ವೀರನಾರಾಯಣನ ಗುಡ್ಯಾಗಽ ಕುಂತ ಬರದ ಅಂತಾರ. ಆದ್ರೂ ಗಮಕ ಇಟ್ಟಾಗ ಮುಂದಿನ ಸಾಲಿನ್ಯಾಗ ಕುಂಡ್ರಾವ್ರು ಯಾರ್ರಿ? ಸೀಳಿ ಒಗದ ಜರಾಸಂಧ ತಿರುಗಿ ಕೂಡಕೊಂಡು ಎದ್ದಾಗ ನೀವು 'ಅಯ್ಯೋ ಶಿವನ' ಅಂದದ್ದು ನಾ ಕೇಳೀನಿ.

ಕಾಕಾ: ಅದು ಪುರಾಣವಾ.

ಮಗಳು: ಇದೂ ಪುರಾಣನ. ಕೃಷ್ಣ ಹೊರಗ ನಿಂತು ಕಡ್ಡಿ ಸೀಳಿ, ಎಡಾ ಬಲಾ ಅದಲಬದಲ ಮಾಡಿ ಒಗದು ಭೀಮಗ ಸನ್ನಿ ಮಾಡಿದ್ನಲ್ರಿ, ಆ ಕೆಲಸ ಮಾಡಾವ ನಮ್ಮ ಕಡೆ ಪಾಲ್ ಹೇಮನ್ ಅಂತ ಒಬ್ಬ ಅದಾನ. ತಾ ಒಂದ ಪಟ್ಟೂ ಹಾಕಂಗಿಲ್ಲ. ಬರೇ ಮೈಕು, ಬರೇ ಬಾಯಿ. ಅಂವ ಬಂದ ನಿಂತ ಅಂದ್ರ ಪೈಲವಾನಗ ಎರಡ ಪಟ್ಟ ತೂಕ ಬರತೈತಿ.

ಕಾಕಾ: ದೇವರನ್ನೂ ಹಿಡದ ರಿಂಗಿಗೆ ಹಾಕಿದೇನ? ಆತು ಬಿಡು. ಈ ಹುಚ್ಚ ಹತ್ತಿದ್ದ ಯಾವಾಗ ನಿನಗ?

ಮಗಳು: ಸಣ್ಣಾಕಿದ್ದಾಗ. ನೀವಽ ಕಾರಣ.

ಕಾಕಾ: ನಾನ?

ಮಗಳು: ನಾ ನಾಕನೇತ್ತ ಇದ್ದಾಗ ಅವ್ವ ನಿಮಗ ಮಜ್ಜಿಗಿ ತಂಬಿಗಿ ಕೊಟ್ಟ ಕಳಿಸಿದ್ಲು. ಗರಡಿ ಹೊಸ್ತಲಾ ದಾಟೂದ್ರಾಗ ಒಬ್ರು ಹಿರ್ಯಾರು ತೋಳ ಹಿಡದು ಹೊರಗ ನಿಲ್ಲಿಸಿದ್ರು. ಹನಮಪ್ಪನ ಜಾಗಾ, ಹೆಣ್ಣ ಹುಡುಗ್ಯಾರು ಮಣ್ಣ ತುಳೀಬಾರದು ಅಂದ್ರು. ನೀವು ಒಳಗ ದಂಡಾ ಹೊಡೀತಿದ್ರಿ, ನೋಡಿದ್ರಿ, ಮಾತಾಡಲಿಲ್ಲ. ಮನಿಗೆ ಬಂದ್ನಿ. ಅಣ್ಣಗೋಳು ಕಾರ್ಡ್ ಆಡಕೋತ ಕುಂತಿದ್ರು.

ಕಾಕಾ: (ಕಿಟಕಿಯ ಆಚೆ ನೋಡುತ್ತ) ಎಂಥಾ ಕಾರ್ಡು?

ಮಗಳು: ರಸ್ಲಿಂಗ್ ಕಾರ್ಡ್‌ರಿ. ಒಂದೊಂದರ ಮ್ಯಾಲ ಒಬ್ಬೊಬ್ಬ ಪೈಲವಾನನ ಫೋಟೋ, ಕೆಳಗ ಎತ್ತರ, ತೂಕ, ಎದಿ ಸುತ್ತಳತಿ, ರ‍್ಯಾಂಕು. ಒಬ್ಬ 'ತೂಕ' ಅನ್ನಬೇಕು, ಯಾರ ಕಾರ್ಡಿನ್ಯಾಗ ಹೆಚ್ಚಿಗಿ ಐತಿ ಅಂವಗ ಎದರಿನ ಕಾರ್ಡು. ಗಣಿತದಾಗ ನಾ ಶಾಣ್ಯಾ ಆಗಿದ್ದು ಸಾಲ್ಯಾಗ ಅಲ್ಲ, ಆ ಕಟ್ಟಿ ಮ್ಯಾಲ. ಮುಂದ 2002ರಾಗ ಟೀವ್ಯಾಗ ಟೆನ್ ಸ್ಪೋರ್ಟ್ಸ್ ಬಂತು. ಅದಽ ವರ್ಷ ಈ ಕುಸ್ತಿ ಕಂಪನಿ ಹೆಸರು ಡಬ್ಲ್ಯೂಡಬ್ಲ್ಯೂಎಫ್ ಇದ್ದದ್ದು ಡಬ್ಲ್ಯೂಡಬ್ಲ್ಯೂಇ ಆತು. ಅಲ್ಲಿ ನನ್ನ ಹೊಸ್ತಲದ ಹೊರಗ ನಿಲ್ಲಸಾವ್ರು ಯಾರೂ ಇರಲಿಲ್ಲ.

ಕಾಕಾ: ಹುಂ. ಆದ್ರ ಮೋಸ ಅಂತ ಗೊತ್ತಾದ ಮ್ಯಾಲೂ ನೋಡಿದೆಲ್ಲ?

ಮಗಳು: ಅವರಽ ಹೇಳ್ಯಾರ್ರಿ. 1989ರಾಗ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸರಕಾರದ ಮುಂದ, ನಮ್ಮದು ಸ್ಪರ್ಧಾ ಅಲ್ಲ, ಮನರಂಜನಿ ಅಂತ ಕಂಪನಿಯವ್ರು ಒಪ್ಪಿಕೊಂಡ್ರು. ಯಾಕಂದ್ರ ಸ್ಪರ್ಧಾ ಅಂದ್ರ ಕ್ರೀಡಾ ಮಂಡಳಿ ಕಾಯದೆ ಬರತೈತಿ, ತೆರಿಗಿ ಬರತೈತಿ.

ಕಾಕಾ: ತೆರಿಗಿ ಉಳಸಾಕ ಖರೇ ಹೇಳಿದ್ರು! ನಮ್ಮ ಕಡೆ ತೆರಿಗಿ ಉಳಸಾಕ ಸುಳ್ಳ ಹೇಳ್ತಾರ.

ಮಗಳು: ನನ್ನ ಜಗಳ ನಿಕ್ಕಿ ಮಾಡಿದ್ದರ ಮ್ಯಾಲ ಅಲ್ರಿ. ನಿಕ್ಕಿ ಮಾಡಾಕ ಕುಂತಾವ್ರು ಕಥಿ ಕೆಡಸ್ತಾರಲ್ಲ, ಅದರ ಮ್ಯಾಲ. ಅಂಡರ್‌ಟೇಕರ್ ಹೆಸರ ಕೇಳೀರಿಲ್ಲೋ?

ಕಾಕಾ: ಕರಿ ಕೋಟು, ಕರಿ ಟೊಪಗಿ. ದೀಪ ಆರಿಸಿ, ಗಂಟಿ ಹೊಡಿಸಿಕೊಂಡು ಹೆಣ ನಡದಂಗ ಬರಾಂವ. ನಿಮ್ಮ ಮನ್ಯಾಗ ನೋಡೀನಿ.

ಮಗಳು: ಅಂವಽ. ರಸಲ್‌ಮೇನಿಯಾ ಅಂದ್ರ ವರ್ಷಕ್ಕೊಮ್ಮೆ ಅವರ ದೊಡ್ಡ ಜಾತ್ರಿ. ಅದರಾಗ 1991ರಿಂದ ಅಂವ ಸೋತಿದ್ದಽ ಇಲ್ಲ. ಇಪ್ಪತ್ತೊಂದ ಸಲ ಗೆದ್ದಿದ್ದ. 2014ರ ಏಪ್ರಿಲ್‌ದಾಗ, ನ್ಯೂ ಒರ್ಲಿಯನ್ಸ್‌ನ್ಯಾಗ, ಬ್ರಾಕ್ ಲೆಸ್ನರ್ ಜೋಡಿ ಬಿತ್ತು. ಅಲ್ಲಿ ರಾತ್ರಿ, ನಮಗ ಮುಂಜಾನಿ. ಉಪ್ಪಿಟ್ಟಿನ ತಾಟ ಹಿಡಕೊಂಡ ಕುಂತಿದ್ನಿ. ಲೆಸ್ನರ್ ಅವನ್ನ ಹೆಗಲ ಮ್ಯಾಲ ಹೊತ್ತು ತಿರುವಿ ಒಗದ. ಒಂದು, ಎರಡು, ಮೂರು. ಅಷ್ಟಽ. ಸಾವಿರಾರು ಮಂದಿ ಇದ್ದ ಸ್ಟೇಡಿಯಂ ಗಪ್. ಹಾಡು ಹಚ್ಚಾವ ಸೈತ ತಡದು ಹಚ್ಚಿದ. ಪಡದೆ ಮ್ಯಾಲ 21-1 ಅಂತ ಬಿತ್ತು. ಒಬ್ಬ ಕನ್ನಡಕದಾಂವ ಬಾಯಿ ತೆಗದು ನಿಂತಿದ್ದು ತೋರಿಸಿದ್ರು. ನನ್ನ ಉಪ್ಪಿಟ್ಟು ಆರಿ ಗಟ್ಟಿ ಆಗಿತ್ತು.

ಕಾಕಾ: ಸೋತ್ರ ಏನಾತು? ವಯಸ್ಸಾಗಿತ್ತು, ಸೋತ.

ಮಗಳು: ಸೋಲಲಿ. ಯಾರ ಕೈಲೆ ಸೋತ ಅನ್ನೂದಽ ತಪ್ಪು. ಲೆಸ್ನರ್ ಆಗಲೇ ದೊಡ್ಡಾಂವ. ವರ್ಷಕ್ಕ ನಾಕ ಸಲ ಬಂದು ರೊಕ್ಕಾ ಎಣಿಸಿಕೊಂಡ ಹೋಗಾಂವ. ಇಪ್ಪತ್ತೊಂದ ಗೆಲುವಿನ ಗಳಿಕಿ ಅದು ಕಾಕಾ, ಬೆಳಿಯೂ ಹುಡುಗನ ಕೈಯಾಗ ಕೊಡಬೇಕಿತ್ತು. ಇದ್ದಾಂವಗಽ ಕೊಟ್ರು.

ಕಾಕಾ: ಇಲ್ಲಿ ನೀ ತಪ್ಪಿದಿ. ಆ ಲೆಸ್ನರ್ ಖರೇ ಕುಸ್ತಿ ಆಡಿದಾಂವ ಹೌದಲ್ಲೋ?

ಮಗಳು: ಹೌದು. 2000ದಾಗ ಅಮೆರಿಕದ ಕಾಲೇಜ ಕುಸ್ತ್ಯಾಗ ಚಾಂಪಿಯನ್. ಕರ್ಟ್ ಆಂಗಲ್ ಅಂತ ಇನ್ನೊಬ್ಬ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ದಾಗ ಬಂಗಾರ ಗೆದ್ದು ಆಮ್ಯಾಲ ಇಲ್ಲಿಗೆ ಬಂದಾಂವ.

ಕಾಕಾ: ಒಲಿಂಪಿಕ್ ಬಂಗಾರ ಗೆದ್ದಾಂವ ವೇಷಾ ಹಾಕ್ಯಾನ?

ಮಗಳು: ಪದಕಾ ಕೊಳ್ಳಾಗ ಹಾಕ್ಕೊಂಡಽ ರಿಂಗಿಗೆ ಬರತಿದ್ದ.

ಕಾಕಾ: ಶಿವ ಶಿವ! ಖಾಶಾಬಾ ಜಾಧವ್ರು 1952ರಾಗ ಹೆಲ್ಸಿಂಕಿಯಿಂದ ಕಂಚು ತಂದ್ರ ಎತ್ತಿನ ಬಂಡಿ ಮೆರವಣಿಗಿ ಆಗಿತ್ತಂತ, ಗರಡ್ಯಾಗ ಹೇಳ್ತಿದ್ರು. ಇರಲಿ. ನಾ ಏನ ಅಂತೀನಿ ಅಂದ್ರ, ಬೀಳೂದಽ ಖರೆ ಅಂದ ಮ್ಯಾಲ ಖರೇ ಪೈಲವಾನನ ಕೈಲೆ ಬೀಳೂದು ಮರ್ಯಾದಿ. ಕಾಲಾಗಿನ ಕೂಸಿನ ಕೈಲೆ ಬಿದ್ರ ಮಂದಿ ನಂಬತಾರೇನ?

ಮಗಳು: ನಂಬೂವಂಗ ಮಾಡೂದಽ ಕಥಿ ಬರಿಯಾವನ ಕೆಲಸ. ನಿಮ್ಮ ವಸ್ತಾದರು ತಾವು ಕಲಿತ ಪಟ್ಟು ಯಾರಿಗೆ ಕೊಟ್ರು? ಮಗ್ಗಲ ಊರಿನ ಹೆಸರಾದ ಪೈಲವಾನಗೋ, ನಿಮಗೋ?

ಕಾಕಾ: (ಕಿವಿ ಮುಟ್ಟಿಕೊಂಡು) ನನಗ. ಒಂದ ಮಾತ್ರ ಇಟಗೊಂಡ್ರು. ಅದು ಎಲ್ಲಾ ವಸ್ತಾದರೂ ಇಟಗೋತಾರ.

ಮಗಳು: ನೋಡ್ರಿ ಮತ್ತ. 2017ರಾಗ ಅಂಡರ್‌ಟೇಕರ್‌ನ ಇನ್ನೊಮ್ಮೆ ಸೋಲಿಸಿದ್ರು, ರೋಮನ್ ರೇನ್ಸ್ ಅನ್ನಾವನ ಕೈಲೆ. ಅವತ್ತ ಉಪ್ಪಿಟ್ಟು ಆರಲಿಲ್ಲ. ಒಡದ ಗಡಗಿ ಎಷ್ಟ ಸಲ ಒಡೀತೀರಿ?

(ಬಸ್ಸು ಮುಳಗುಂದದಲ್ಲಿ ನಿಂತಿತು. ಕಾಕಾ ಕಿಟಕಿಯಿಂದಲೇ ಕೈ ಚಾಚಿ ಹುರಿದ ಸೇಂಗಾ ಕೊಂಡರು. ಮುಂದಿನ ಮಾತೆಲ್ಲ ಸಿಪ್ಪೆ ಸುಲಿಯುತ್ತಲೇ ನಡೆಯಿತು.)

ಕಾಕಾ: ನಮ್ಮಾಂವ ಒಬ್ಬ ಇದ್ನಲ್ಲ, ತಾಳಿಮರದಂಗ.

ಮಗಳು: ಗ್ರೇಟ್ ಖಲಿ. ಹಿಮಾಚಲದಾಂವ, ಪಂಜಾಬ ಪೊಲೀಸ್ ಇಲಾಖೇದಾಗ ಇದ್ದಾಂವ, ಏಳ ಫೂಟು ಮ್ಯಾಲ. 2007ರ ಜುಲೈದಾಗ ಚಾಂಪಿಯನ್ ಆದ. ನಮ್ಮ ಓಣ್ಯಾಗ ಹುಡುಗ್ರು ಪಟಾಕ್ಷಿ ಹಾರಿಸಿದ್ರು. ನಾನೂ ಕುಣಿದ್ನಿ. ಆದ್ರ ಖರೆ ಹೇಳ್ತೀನಿ, ಅವನ ಕುಸ್ತಿ ನೋಡಾಕ ಆಗ್ತಿರಲಿಲ್ರಿ. ಮಣಕಾಲು ಮಡಚವಲ್ವು. ಟ್ರ್ಯಾಕ್ಟರ್ ರಿವರ್ಸ್ ತಗೊಂಡಂಗ ತಿರಗ್ತಿದ್ದ. ಎದರಿನಾವಽ ಬಂದು ಬಂದು ಅವನ ಕೈಯಾಗ ಸಿಗಬೇಕಿತ್ತು.

ಕಾಕಾ: ಅಭಿಮಾನ ಬ್ಯಾರೆ, ಆಟ ಬ್ಯಾರೆ.

ಮಗಳು: ಅದಕ್ಕಿಂತ ಸಿಟ್ಟ ಬಂದಿದ್ದು ಜಿಂದರ್ ಮಹಲ್ ಕಥಿಗೆ. ಕೆನಡಾದ ಕ್ಯಾಲ್ಗರಿಯೊಳಗ ಹುಟ್ಟಿದಾಂವ. 2017ರ ಮೇ ತಿಂಗಳದಾಗ ರ‍್ಯಾಂಡಿ ಆರ್ಟನ್ನ ಸೋಲಿಸಿ ಚಾಂಪಿಯನ್ ಆದ. ಯಾಕ ಮಾಡಿದ್ರು? ಭಾರತದಾಗ ಮಂದಿ ಬೇಕಿತ್ತು. ಮತ್ತ ಮಾಡಿದ್ದ ಏನು? ಪೇಟಾ ಸುತ್ತಿಸಿ, ಮೈಕಿನ್ಯಾಗ ಪಂಜಾಬಿ ಮಾತಾಡಿಸಿ, ಅಮೆರಿಕದ ಮಂದಿ ಕಡೆಯಿಂದ 'ಬೂ' ಅನ್ನಿಸಿದ್ರು. ಹೊರದೇಶದಾಂವ ಅಂದ್ರ ಕೆಟ್ಟಾಂವ, ಅಷ್ಟಽ ಅವರ ಲೆಕ್ಕ. ಅಂವ ಒಂದ ತಪ್ಪು ಮಾಡೂ ಮೊದಲಽ ಅವನ ಭಾಷಾನ ಅವನ ತಪ್ಪಾತು. ನವೆಂಬರ್‌ದಾಗ ಪಟ್ಟಾ ಕಸಕೊಂಡ್ರು. ಡಿಸೆಂಬರ್‌ದಾಗ ದಿಲ್ಲಿಗೆ ಕರಕೊಂಡ ಬಂದ್ರು. ಅಲ್ಲೆರ ಗೆಲ್ಲಸ್ತಾರ ಅಂತ ಕಾದ್ವಿ. ದಿಲ್ಲಿಯೊಳಗಽ ಟ್ರಿಪಲ್ ಎಚ್ ಕೈಲೆ ಸೋಲಿಸಿ, ಆಮ್ಯಾಲ ಇಬ್ಬರ ಕಡೆಯಿಂದ ಭಾಂಗ್ಡಾ ಕುಣಸಿದ್ರು! ಯಾರ ಮನಿ ಜಾತ್ರಿ, ಯಾರಿಗೆ ಬೆಳ್ಳಿ ಕಡಗ?

ಕಾಕಾ: (ನಕ್ಕು) ಸಿಟ್ಟಿನ್ಯಾಗ ಸೇಂಗಾ ಬಿಟ್ಟು ಸಿಪ್ಪಿ ತಿನ್ನಾಕ ಹತ್ತಿ. ಕೆಟ್ಟಾಂವ ಅಂದ್ರ ಹೆಂಗಿರಬೇಕು ಅಂತ ನಮ್ಮ ಕಂಪನಿ ನಾಟಕದವ್ರನ್ನ ಕೇಳಬೇಕು. ಗದಗಿನ್ಯಾಗ ಗರುಡ ಸದಾಶಿವರಾಯರ ಮಂಡಳಿ ಇತ್ತು, ನಮ್ಮಪ್ಪ ಹೇಳ್ತಿದ್ದ. ಪುಟ್ಟರಾಜ ಗವಾಯಿಗಳ ಆಶ್ರಮದ ಕಂಪನೀದು ನಾನಽ ನೋಡೀನಿ. ಖಳನಾಯಕ ಬಂದ ಅಂದ್ರ ಹೆಣ್ಮಕ್ಕಳು ನೆಟಗಿ ಮುರದು ಬೈತಿದ್ರು. ಅದಽ ಮನಿಶಾ ಮರುದಿನ ಸಂತ್ಯಾಗ ಕಾಯಿಪಲ್ಲೆ ಕೊಳ್ಳಾಕ ಬಂದ್ರ ಅವಽ ಹೆಣ್ಮಕ್ಕಳು ಎರಡ ಬದನಿಕಾಯಿ ಹೆಚ್ಚಿಗಿ ಹಾಕತಿದ್ರು.

ಮಗಳು: ಅದಽ ಬೇಕು! ಬೈಯಾಕೂ ಕಾರಣ ಇರಬೇಕು, ಬೈದ ಮ್ಯಾಲ ಕರುಳು ಚುರ್ ಅನ್ನಾಕೂ ಜಾಗಾ ಇರಬೇಕು. ರನ್ನನ ಗದಾಯುದ್ಧ ನೋಡ್ರಿ. ನಾಭಿ ಕೆಳಗ ಹೊಡಿಯೂದು ಗದಾಯುದ್ಧದಾಗ ನಿಷೇಧ. ಭೀಮ ಹೊಡದಿದ್ದು ತೊಡಿಗೆ. ಅಂದ್ರ ಫೌಲ್. ಬಲರಾಮ ರೆಫರಿ ಇದ್ದಂಗ, ಸಿಟ್ಟಿಗೆದ್ದ. ಭೀಮನ ಹೆಸರಿನ್ಯಾಗ ಬರದ ಕಾವ್ಯಾ ಅದು, ಓದಿ ಮುಗಿಸಿದಾಗ ಕಣ್ಣಾಗ ನಿಲ್ಲಾಂವ ಯಾರು? ಸೋತ ದುರ್ಯೋಧನ. ಸಾವಿರ ವರ್ಷದ ಹಿಂದ ಮುಧೋಳದ ಬಳೆಗಾರರ ಮನ್ಯಾಗ ಹುಟ್ಟಿದಾವಗ ತಿಳಿದಿದ್ದು, ಕೋಟಿಗಟ್ಟಲೆ ಪಗಾರ ಎಣಸೂ ಇವರಿಗೆ ತಿಳೀವಲ್ತು.

ಕಾಕಾ: ಮೆಲ್ಲಕ ಮಾತಾಡು, ಡ್ರೈವರ್ ತಿರುಗಿ ನೋಡಾಕ ಹತ್ಯಾನ. ಅಲ್ಲಾ, ಕಥಿ ಅಂದ್ರ ಬರದಽ ಆಗಬೇಕಂತೇನಿಲ್ಲವಾ. ಗಾಮಾ ಪೈಲವಾನನ್ನ ತಗೋ. 1910ರಾಗ ಲಂಡನ್ನಿಗೆ ಹೋದ. ಪೋಲಂಡಿನ ಝಬಿಸ್ಕೋ ಜೋಡಿ ಕುಸ್ತಿ. ಇಂವ ಕೆಡವಿದ ಕೂಡಲೇ ಅಂವ ಬೋರಲ ಬಿದ್ದು ನೆಲಾ ಕಚ್ಚಿ ಹಿಡದ. ಎರಡೂವರಿ ತಾಸು! ಎಬ್ಬಸಾಕ ಬರಲಿಲ್ಲ, ತಿರವಾಕ ಬರಲಿಲ್ಲ. ಮುಂದಿನ ವಾರ ಮತ್ತ ಇಟ್ರ, ಅಂವ ಬರಲೇ ಇಲ್ಲ. 1928ರಾಗ ಪಟಿಯಾಲಾದಾಗ ತಿರುಗಿ ಜೋಡಿ ಕಟ್ಟಿದ್ರು. ಒಂದ ನಿಮಿಷದೊಳಗ ಚಿತ್!

ಮಗಳು: ಹದಿನೆಂಟ ವರ್ಷ ಕಾದು, ಒಂದ ನಿಮಿಷ. ಇದನ್ನ ಯಾರರ ಬರದಿದ್ರ ಅತಿ ಆತು ಅಂತಿದ್ವಿ. ಆದ್ರ ಆ ಝಬಿಸ್ಕೋ ನಡುವ ಏನ ಮಾಡ್ದ ಗೊತ್ತೇನ್ರಿ? ಅಮೆರಿಕಕ್ಕ ಹೋಗಿ ನಮ್ಮ ನಮೂನಿ ಕುಸ್ತಿ ಆಡ್ದ. 1925ರಾಗ ವೇನ್ ಮನ್ ಅಂತ ಚಾಂಪಿಯನ್. ಮೊದಲ ಫುಟ್ಬಾಲ್ ಆಡಾಂವ, ಕುಸ್ತಿ ಅಷ್ಟಕ್ಕಷ್ಟ. ಝಬಿಸ್ಕೋ ಸೋಲಬೇಕು ಅಂತ ಮಾತಾಗಿತ್ತು. ರಿಂಗಿಗೆ ಇಳದ ಮ್ಯಾಲ ಮಾತ ಮುರದು, ಖರೇ ಕುಸ್ತಿ ಆಡಿ ಮನ್‌ನ ಕೆಡವಿ ಪಟ್ಟಾ ತಗೊಂಡ ಹೋದ.

(ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಗಾಳಿಯಂತ್ರಗಳು ಹೊಲದ ಆಚೆ ಸಾವಕಾಶ ತಿರುಗುತ್ತಿದ್ದವು.)

ಕಾಕಾ: ಖರೇ ಕುಸ್ತಿ ಆಡಿ ಮೋಸ ಮಾಡ್ದ ಅಂದಂಗಾತು.

ಮಗಳು: ಹಂಗಽ.

ಕಾಕಾ: ನಿನಗ ಒಂದ ಹೇಳ್ತೀನಿ. ಮನ್ಯಾಗ ಹೇಳಬ್ಯಾಡ. ನಿಮ್ಮ ಕಾಕೂಗೂ ಗೊತ್ತಿಲ್ಲ. ಮುಂಡರಗಿ ಕಡೆ ಒಂದ ಊರು, ಜಾತ್ರಿ. ನನಗ ಇಪ್ಪತ್ನಾಕೋ ಇಪ್ಪತ್ತೈದೋ. ಕಡೀ ಜೋಡಿ ನಂದು. ಎದರಿಗೆ ಶಿರಹಟ್ಟಿ ಕಡ್ಯಾಂವ, ಗೆಣ್ಯಾ. ಕೂಡಿ ಸಾಮು ಮಾಡಿದ್ವಿ. ಅವನ ತಂಗಿ ಮದವಿ ಹದಿನೈದ ದಿನದಾಗ ಇತ್ತು. ಹಿಂದಿನ ರಾತ್ರಿ ಬಂದು, ಸಮಾ ಮಾಡೂಣು, ಇನಾಮು ಅರ್ಧ ಅರ್ಧ, ಬಿದ್ದು ಕಾಲಗೀಲ ಮುರಕೊಂಡ್ರ ನಮ್ಮ ಮನ್ಯಾಗ ಚಪ್ಪರಾ ಹಾಕಾವ್ರಿಲ್ಲ ಅಂದ. ಹೂಂ ಅಂದ್ನಿ.

ಮಗಳು: ನೀವಾ?

ಕಾಕಾ: ನಾನಽ. ಮುಕ್ಕಾಲ ತಾಸು ಆಡಿದ್ವಿ. ನನ್ನ ಜನ್ಮದಾಗ ಅಷ್ಟ ದಣದಿಲ್ಲ. ಖರೇ ಕುಸ್ತ್ಯಾಗ ನಂದಷ್ಟಽ ಚಿಂತಿ. ಅವತ್ತ ಎರಡ ಮೈ ಚಿಂತಿ. ಢಾಕು ಹಾಕಬೇಕು, ಮಂದಿ 'ಹೋ' ಅನ್ನಬೇಕು, ಅಂವ ಬೀಳಬೇಕು, ಬೆನ್ನ ಮಾತ್ರ ಹತ್ತಬಾರದು. ಅವನ ಕುತ್ತಿಗಿ ಮಣ್ಣಿಗೆ ಬಡೀಬಾರದು ಅಂತ ನಾ ಅಂಗೈ ಅಡ್ಡ ಕೊಟ್ಟಿದ್ನಿ, ಯಾರಿಗೂ ಕಾಣಧಂಗ. ಈಗೂ ಈ ಬಟ್ಟು ನೆಟ್ಟಗಾಗಂಗಿಲ್ಲ, ನೋಡು. ಖರೇ ಕುಸ್ತ್ಯಾಗ ಮುರದದ್ದಲ್ಲ ಇದು.

ಮಗಳು: ಮಿಕ್ ಫೋಲಿ ಅಂತ ಇದ್ದ ಕಾಕಾ. 1998ರಾಗ ಹದಿನಾರ ಫೂಟ ಪಂಜರದ ಮ್ಯಾಲಿಂದ ಕೆಳಗ ಟೇಬಲ್ ಮ್ಯಾಲ ಬಿದ್ದ. ನಿಕ್ಕಿ ಮಾಡಿದ್ದಽ. ಅದಽ ಕುಸ್ತ್ಯಾಗ ಹಲ್ಲು ಹೋದ್ದು ಮಾತ್ರ ಖರೆ.

ಕಾಕಾ: ಬೀಳಾಕ ಬರಬೇಕವಾ. ಕೆಡವಾಕ ಯಾರಿಗೆರ ಬರತೈತಿ. ಮುಂದ ಕೇಳು. ನಡುವ ಒಮ್ಮೆ ಅವನ ಕಾಲ ಜಾರಿತು. ಕುತ್ತಿಗಿ ಪೂರ್ತಿ ನನ್ನ ಬಗಲಾಗ ಬಂತು. ಎಡಕ್ಕ ಒಂಚೂರ ತಿರುವಿದ್ರ ಮುಗೀತು, ಬೆಳ್ಳಿ ಕಡಗ ನಂದು. ಹಲಗಿ ಜೋರ ಹತ್ತಿತ್ತು, ಮಂದಿ ಎದ್ದ ನಿಂತಿದ್ರು. ಅಂವ ಮ್ಯಾಲ ನೋಡ್ದ. ಬಾಯಿ ಬಿಡಲಿಲ್ಲ. ಬರೇ ನೋಡ್ದ.

ಮಗಳು: ಮತ್ತ?

ಕಾಕಾ: ಬಿಟ್ನಿ. ಜಾರಿ ಹೋದಂಗ ಮಾಡಿ ಬಿಟ್ನಿ. ಪಂಚರು ಸಮಾ ಕೊಟ್ರು. ಮಂದಿ ಚಪ್ಪಾಳಿ ಹೊಡದ್ರು. ಒಬ್ಬ ಮುದುಕ ಮಾತ್ರ ನನ್ನ ಹತ್ರ ಬಂದು, 'ಚಲೋ ಆಡಿದಿ, ಇಬ್ಬರದೂ ಆಡಿದಿ' ಅಂದು ಹೋದ. ಗುರುತ ಹಿಡದಿದ್ದ.

ಮಗಳು: ಅಷ್ಟ ವರ್ಷ ನನ್ನ ಕುಸ್ತಿಗೆ ಸುಳ್ಳ ಸುಳ್ಳ ಅಂದ್ರಲ್ರಿ!

ಕಾಕಾ: ಅದಕ್ಕಽ ಅಂದೆ. ಮಾಡಿದಾವಗ ಅನ್ನಾಕ ಹಕ್ಕ ಇರತೈತಿ.

(ಲಕ್ಷ್ಮೇಶ್ವರದಲ್ಲಿ ಇಳಿದು, ಟಂಟಂ ಹಿಡಿದು ಊರು ಮುಟ್ಟುವಾಗ ನಾಲ್ಕು ದಾಟಿತ್ತು. ಅಖಾಡಕ್ಕೆ ಹೊಸ ಕೆಮ್ಮಣ್ಣು ಹಾಕಿ, ಎಣ್ಣೆ, ಮಜ್ಜಿಗೆ, ಅರಿಷಿಣ, ಲಿಂಬೆಹಣ್ಣಿನ ರಸ ಕೂಡಿಸಿ ಹದ ಮಾಡಿದ್ದರು. ಸುತ್ತ ಮಂದಿ ಇರುವೆ ಮುತ್ತಿದ ಹಾಗೆ. ಮೈಕಿನವನು ಮೊದಲನೆಯ ಜೋಡಿ ಕೂಗಿದ: ಹುಡುಗಿಯರದು.)

ಮಗಳು: ಕಾಕಾ! ಹ್ಯಾಂಡ್‌ಬಿಲ್‌ದಾಗ ಇದ್ದಿದ್ದಿಲ್ಲಲ್ರಿ ಇದು.

ಕಾಕಾ: ಈಗ ಆಡ್ತಾರ. ಚಲೋ ಆಡ್ತಾರ.

ಮಗಳು: ರಸಲ್‌ಮೇನಿಯಾದಾಗ ಹೆಣ್ಮಕ್ಕಳ ಕುಸ್ತಿ ಕಡೀ ಜೋಡಿ ಆಗಾಕ 2019ರ ತನಕ ಕಾಯಬೇಕಾತು. ಮೊದಲ ಬರೇ ಮೂರ ನಿಮಿಷ, ಗಂಡಸರು ನೀರ ಕುಡಿಯಾಕ ಎದ್ದ ಹೋಗೂ ಹೊತ್ತಿನ್ಯಾಗ. ಹರಿಯಾಣದ ಕವಿತಾ ದೇವಿ ಡಬ್ಲ್ಯೂಡಬ್ಲ್ಯೂಇಗೆ ಹೋಗಿ ಸಲ್ವಾರ್ ಕಮೀಜಿನ್ಯಾಗ ಆಡಿದ್ಲು, 2017ರಾಗ.

ಕಾಕಾ: ಸುಮ್ಕ ನೋಡು. ಆ ಕೆಂಪ ಬಟ್ಟಿ ಹುಡುಗಿ ಪಾಪ, ಎಡಗಾಲ ಎಳ್ಯಾಕ ಹತ್ಯಾಳ. ಎಲ್ಲೆರ ಉಳಕೇತೇನ. ಪಂಚರು ನಿಲ್ಲಸಬೇಕಿತ್ತು.

ಮಗಳು: ಉಳಕಿಲ್ರಿ. ನಾಟಕ.

ಕಾಕಾ: ಐವತ್ತ ವರ್ಷ ಕುಸ್ತಿ ನೋಡೀನವಾ. ಮಾರಿ ನೋಡು, ಬ್ಯಾನಿ ಕಾಣತೈತಿ.

ಮಗಳು: ಮಾರಿ ನೋಡಬ್ಯಾಡ್ರಿ, ಕಾಲ ನೋಡ್ರಿ. ಎದರಿನಾಕಿ ದೂರ ಇದ್ದಾಗ ಕುಂಟತಾಳ, ಹತ್ರ ಬಂದಾಗ ಮರೀತಾಳ. ಇಂಥಾವು ನೂರ ನೋಡೀನಿ. ಈಗ ಆಕಿ ಅದಽ ಕಾಲಿಗೆ ಕೈ ಹಾಕ್ತಾಳ, ಇಕಿ...

(ಎದುರಿನವಳು ಎಡಗಾಲಿಗೆ ಬಾಗಿದಳು. ಕುಂಟುತ್ತಿದ್ದ ಕಾಲು ಅಲ್ಲಿರಲಿಲ್ಲ. ಕೆಂಪು ಬಟ್ಟೆಯವಳು ಬಗ್ಗಿದವಳ ತೋಳು ಹಿಡಿದು ಹೆಗಲಿಗೆ ಹಾಕಿ, ಧೋಬಿಪಟ್ಟು ಎಳೆದಳು. ಬೆನ್ನು ಪೂರ್ತಿ ಕೆಮ್ಮಣ್ಣಿಗೆ ಹತ್ತಿತು. ಹಲಗೆ ಹುಚ್ಚೆದ್ದಿತು.)

ಕಾಕಾ: ಎಲಾ ಇಕಿ!

ಮಗಳು: ಹೇಳಲಿಲ್ಲೇನ್ರಿ ನಾ?

ಕಾಕಾ: ಎಲಾ ಇಕಿನ!

(ಕಾಕಾ ಅಂಗಿಯ ಒಳಕಿಸೆಗೆ ಕೈ ಹಾಕಿ ನೂರರ ನೋಟು ತೆಗೆದರು. ಇನಾಮು ಕೊಡುವವರು ಒಬ್ಬೊಬ್ಬರಾಗಿ ಅಖಾಡಕ್ಕೆ ಇಳಿಯತೊಡಗಿದ್ದರು. ಎರಡು ಹೆಜ್ಜೆ ಹೋದವರು ನಿಂತು, ತಿರುಗಿ, ನೋಟನ್ನು ಮಗಳ ಕೈಯಲ್ಲಿಟ್ಟರು.)

ಕಾಕಾ: ನೀನಽ ಕೊಟ್ಟ ಬಾ.

ಮಗಳು: ನಾನಾ? ಮಣ್ಣಿಗೆ ಇಳದಾ?

ಕಾಕಾ: ಹೂಂ ಮತ್ತ. ಚಪ್ಪಲಿ ಇಲ್ಲೇ ಬಿಟ್ಟ ಹೋಗು, ನಾ ನೋಡಕೋತೀನಿ.